ಗಂಗಪ್ಪನ ಲೋಟ

ಕೆರೆಯ ಒಡ್ಡು ಒಡೆದು ಇಬ್ಬರು ಸತ್ತರು. ಏಡಿಗಳು ತೂತು ಕೊರೆದದ್ದೇ ಕಾರಣವೆಂದು ವರದಿಯಲ್ಲಿ ಬರೆದರು.

ವರ್ಷ ತುಂಬುವುದರೊಳಗೆ ಹೊಸ ಒಡ್ಡು ಎದ್ದಿತು. ಶ್ರಾವಣದ ಮಳೆಗೆ ಕೆರೆಯೂ ತುಂಬಿತು. ಒಡ್ಡಿನ ಕೆಳಗೆ, ಕೇರಿ ಕೊಚ್ಚಿಹೋದ ಜಾಗದಲ್ಲೇ, ಹೊಸ ಮನೆಗಳಾದವು. ಆದರೆ ಕೇರಿಯವರು ಶಾಲೆಯ ದಿನ್ನೆಯ ಮೇಲಿನ ತಗಡಿನ ಶೆಡ್ಡು ಬಿಟ್ಟು ಇಳಿಯಲೊಲ್ಲರು. "ಕೆಂಪವ್ವ ಇಳದ್ರ ನಾವೂ ಇಳೀತೇವಿ" ಎಂದು ಕೂತುಬಿಟ್ಟಿದ್ದರು. ಕೆಂಪವ್ವ ಆ ಕೆರೆ ಕಾಯುತ್ತಿದ್ದ ಗಂಗಪ್ಪನ ಹೆಂಡತಿ. ಸತ್ತ ಇಬ್ಬರಲ್ಲಿ ಗಂಗಪ್ಪ ಒಬ್ಬ.

ಅದಕ್ಕೇ ಇವತ್ತು ಕೆರೆಯ ದೇವಿ ಗಂಗವ್ವನಿಗೆ ಉಡಿ ತುಂಬಲು ಕೆಂಪವ್ವನನ್ನೇ ಕರೆಸಿದ್ದರು. ಒಡ್ಡಿನ ಮೇಲೆ ಶಾಮಿಯಾನ ಹಾಕಿತ್ತು. ಮೊರದಲ್ಲಿ ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು. ಎಲ್ಲ ರಾಮದುರ್ಗದಿಂದ ತರಿಸಿದ್ದು. ಉಡಿ ತುಂಬುವವಳು ಮುತ್ತೈದೆಯಾಗಿರಬೇಕು, ಮೇಲಿನ ಓಣಿಯವಳಾಗಿರಬೇಕು. ಈ ಎರಡು ಕಟ್ಟಳೆಗಳನ್ನೂ ಇವತ್ತು ಯಾರೂ ಎತ್ತಲಿಲ್ಲ.

"ಎತ್ತಾಗ ಹೊಂಟಿ ಬೇ? ಮೆಟ್ಟಲಾ ಈ ಕಡೆ ಅದಾವು," ಪಂಚಾಯ್ತಿ ಅಧ್ಯಕ್ಷ ನಿಜಗುಣಪ್ಪ, ಮೆಟ್ಟಿಲು ಬಿಟ್ಟು ಹೊರಟ ಕೆಂಪವ್ವನಿಗೆ ಮೇಲಿನಿಂದ ಕೂಗಿದ.

"ಕಾಲ ತೊಕ್ಕೊಂಡ ಬರತಾಳ, ಬಿಡ್ರಿ," ಎಂದ ಇಂಜಿನಿಯರ್ ರಘೋತ್ತಮ.

ಆಕೆ ಕಾಲು ತೊಳೆಯಲಿಲ್ಲ. ಚಪ್ಪಲಿ ಬಿಟ್ಟು, ಗಂಡ ದಿನಾ ಬೆಳಗ್ಗೆ ನಡೆಯುತ್ತಿದ್ದ ಹಾಗೆ, ಒಡ್ಡಿನ ಬುಡಗುಂಟ ಬರಿಗಾಲಲ್ಲಿ ನಡೆದಳು. ತೇವವನ್ನು ಕಣ್ಣಿಗಿಂತ ಮೊದಲು ಅಂಗಾಲು ಹಿಡಿಯುತ್ತದೆ ಎನ್ನುತ್ತಿದ್ದ ಅವನು. ತೂಬು ದಾಟಿ ಹತ್ತು ಮಾರು ಹೋಗುವಷ್ಟರಲ್ಲಿ ಅಂಗಾಲು ತಣ್ಣಗಾಯಿತು. ಹುಲ್ಲು ಸರಿಸಿದಳು. ಅನ್ನದ ಎಸರು ಕುದಿಯುವ ಹಾಗೆ ನೆಲದೊಳಗಿಂದ ನೀರು ಪುಟಿಯುತ್ತಿತ್ತು. ಸೆರಗಿನ ಗಂಟು ಬಿಚ್ಚಿ, ಗಾಜಿನ ಲೋಟ ತೆಗೆದು ತುಂಬಿಕೊಂಡಳು. ಒಂದು ಎಲೆ ಅಡಕೆ ಜಗಿಯುವಷ್ಟು ಹೊತ್ತು ಅಲುಗಿಸದೆ ಇಡಬೇಕು. ನೀರು ತಿಳಿಯಾಗಿದ್ದರೆ ಒಡ್ಡು ಬೆವರುತ್ತಿದೆ, ಅಷ್ಟೆ. ತಳದಲ್ಲಿ ಮಣ್ಣು ಕೂತರೆ, ಒಡ್ಡನ್ನು ನೀರು ಒಳಗೊಳಗೇ ತಿನ್ನುತ್ತಿದೆ.

ಹೋದ ವರ್ಷವೂ ಇದೇ ಲೋಟ. ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದು, ಗಂಗಪ್ಪ ಅದನ್ನು ರಘೋತ್ತಮನ ಟೇಬಲ್ಲಿನ ಮೇಲಿಟ್ಟಿದ್ದ. ಸಾಹೇಬ ಕೆಟ್ಟವನಲ್ಲ. "ನೋಡೂಣು. ದೂರದಿಂದ ಬಂದೀ, ಚಾ ಕುಡದು ಹೋಗು" ಎಂದ. ಇವನಿಗೆ ಯಾವ ಕಪ್ಪಿನಲ್ಲಿ ಕೊಡುವುದೆಂದು ಹಿಂದೆಮುಂದೆ ನೋಡುತ್ತಿದ್ದ ಕಚೇರಿಯ ಸಿಪಾಯಿಗೆ ಆ ಲೋಟ ಕಂಡಿತು. ಕೆಸರು ಚೆಲ್ಲಿ, ತೊಳೆದು, ಅದರಲ್ಲೇ ಚಾ ತಂದಿಟ್ಟ. "ನನ್ನ ಗ್ಲಾಸದಾಗ ನನಗ ಚಾ ಕೊಟ್ರ ನೋಡ" ಎಂದು ಗಂಗಪ್ಪ ಮನೆಗೆ ಬಂದು ನಕ್ಕಿದ್ದ. ಮೂರನೆಯ ದಿನ ಮಧ್ಯಾಹ್ನ ಒಡ್ಡು ಬಾಯಿಬಿಡುತ್ತಿದ್ದಂತೆ ಕೇರಿಯವರನ್ನೆಲ್ಲ ಹೊರಗೆ ಅಟ್ಟಿ, ಹಾಸಿಗೆ ಹಿಡಿದಿದ್ದ ರಾಯವ್ವನನ್ನು ಹೊತ್ತು ತರಲು ಒಳಗೆ ಹೋದವನು ಹೊರಗೆ ಬರಲಿಲ್ಲ. ರಾಯವ್ವನೂ ಬರಲಿಲ್ಲ. ತಮ್ಮ ಮನೆಯಿದ್ದ ಜಾಗದ ಕೆಸರಿನಲ್ಲಿ ಕೈಯಾಡಿಸಿದಾಗ ಕೆಂಪವ್ವನಿಗೆ ಒಡೆಯದೆ ಸಿಕ್ಕದ್ದು ಇದೊಂದೇ.

ಲೋಟದ ನೀರು ನಿಂತಿತು. ತಳದಲ್ಲಿ ಬೆರಳಗಲ ಮಣ್ಣು ಕೂತಿತ್ತು. ಹೊಸ ಒಡ್ಡಿನ ಮೈಮೇಲೆ ಕಂಡದ್ದು ಗಟ್ಟಿ ಗರಸು ಮಣ್ಣು. ಹೊಟ್ಟೆಯಲ್ಲಿ ತುಂಬಿದ್ದು, ಲೋಟದ ತಳ ಹೇಳುವಂತೆ, ಕೆರೆಯದೇ ಹೂಳು.

ಆಕೆ ಮೇಲೆ ಬಂದಳು. "ಬಂದ್ಯಾ ಮಹಾರಾಣಿ?" ಎಂದ ನಿಜಗುಣಪ್ಪ. "ಹಿಡಿ ಮೊರಾ. ಫೋಟೋದಾಂವ ಆಗಿಂದ ಕಾಯಾಕತ್ಯಾನ."

ಕೆಂಪವ್ವ ಮೊರದೊಳಗೆ, ಹಸಿರು ಬಳೆಗಳ ನಡುವೆ, ಲೋಟವಿಟ್ಟಳು. ರಘೋತ್ತಮ ಅದನ್ನು ನೋಡಿದ. ಆಮೇಲೆ ಕೆರೆಯ ಕಡೆ ನೋಡಿದ.

"ಹೊಸಾ ಒಡ್ಡು ಮದಲನೇ ವರ್ಷ ಬಸದ ಬಸೀತದ, ಕೆಂಪವ್ವಾ."

"ಬಸೀಲ್ರಿ. ಬಸದದ್ದು ತಿಳಿ ಇರತೈತಿ. ಇದು ಮಣ್ಣು ಕಾರಾಕತ್ತೈತಿ."

"ತಿಂಗಳ ಬಿಟ್ಟು ನೋಡೂಣು. ಇವತ್ತ ಉಡಿ ತುಂಬು. ನಿಮ್ಮ ಮಂದಿ ಇಳೀಲಿ."

"ತೂಬು ತಗಸ್ರಿ. ಮದಲ ನೀರು ಇಳೀಲಿ. ಆಮ್ಯಾಲ ಮಂದಿ ಇಳೀತಾರ."

"ತುಂಬಿದ ಕೆರಿ ಬರಿದು ಮಾಡಂತಾಳ ನೋಡ್ರಿ," ನಿಜಗುಣಪ್ಪ ಸುತ್ತ ನಿಂತವರ ಕಡೆ ತಿರುಗಿ ನಕ್ಕ. "ಏ ಯವ್ವಾ, ನಿಮ್ಮ ಕೇರಿಯಾಕಿಗೆ ಉಡಿ ತುಂಬೂ ಮಾನಾ ಕೊಟ್ಟೇವಿ. ಅದನ್ನರ ತಿಳಕೋ."

"ಮುತ್ತೈದಿ ಇದ್ದಾಗ ನನಗ ಒಡ್ಡು ಹತ್ತಗೊಡಲಿಲ್ಲ ನೀವು," ಎಂದಳು ಕೆಂಪವ್ವ. ದನಿ ಏರಲಿಲ್ಲ. "ಕುಂಕುಮಾ ತೊಳದ ಮ್ಯಾಲ ಉಡಿ ತುಂಬು ಅಂತೀರಿ."

ದೂರದ ದಿನ್ನೆಯ ಮೇಲೆ ಕೇರಿಯವರು ಶೆಡ್ಡುಗಳಿಂದ ಹೊರಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಇತ್ತಲೇ ನೋಡುತ್ತಿದ್ದರು. ರಘೋತ್ತಮ ಹತ್ತಿರ ಬಂದು, ಆಕೆಗಷ್ಟೇ ಕೇಳುವ ಹಾಗೆ ಹೇಳಿದ: "ನನಗೂ ಮ್ಯಾಲಿನವರು ಇದ್ದಾರವಾ. ಮಂದಿ ನೋಡಲಿಕ್ಕತ್ಯಾರ. ಚೆಲ್ಲು ಅದನ್ನ."

ಕೆಂಪವ್ವ ಮೊರದಿಂದ ಲೋಟವೆತ್ತಿಕೊಂಡಳು. ಕೂತಿದ್ದ ಮಣ್ಣು ಅಲುಗಿ ಮತ್ತೆ ಮೇಲೆದ್ದಿತು. ನೀರು ಚಾದ ಬಣ್ಣಕ್ಕೆ ತಿರುಗಿತು. ಅಂಗೈಯಿಂದ ಅದರ ಬಾಯಿ ಮುಚ್ಚಿಕೊಂಡು ದಿನ್ನೆಯ ದಾರಿ ಹಿಡಿದಳು.

"ಚೆಲ್ಲೂದಿಲ್ರಿ ಸಾಹೇಬ್ರ," ಎಂದಳು ತಿರುಗಿ ನೋಡದೆ. "ಈ ಗ್ಲಾಸ ಒಮ್ಮೆ ತೊಳದೀರಿ ನೀವು."