ಸುತ್ತುದಾರಿ

ಗಾದಿಲಿಂಗಪ್ಪ ಹಿತ್ತಲಿನ ಹಾಸುಗಲ್ಲಿನ ಮೇಲೆ ಹಂಚಿನ ಚೂರಿನಿಂದ ಸಂಡೂರು ಗುಡ್ಡದ ದಾರಿ ಗೀಚುತ್ತಿದ್ದ. ಎದುರಿಗೆ ಗೆಳೆಯ ಜಂಬಯ್ಯ ಕುಕ್ಕರಗಾಲಿನಲ್ಲಿ ಕೂತಿದ್ದ. ಗಾದಿಲಿಂಗಪ್ಪ ಕೂಡ್ಲಿಗಿ ತಾಲೂಕು ಆಫೀಸಿನ ಗುಮಾಸ್ತ, ಜಂಬಯ್ಯ ಕರೆಂಟಿನ ಲೈನ್‌ಮನ್. ಇಬ್ಬರಿಗೂ ಒಂದೊಂದು ಮೋಟಾರ್ ಸೈಕಲ್ಲಿತ್ತು. ಡಾಂಬರು ರಸ್ತೆ ಬಿಟ್ಟು, ಅದಿರಿನ ಲಾರಿಗಳು ಓಡಾಡುವ ಗರಸುಕಲ್ಲಿನ ದಾರಿಯಲ್ಲಿ ಗುಡ್ಡ ಹತ್ತಿ ಇಳಿಯಬೇಕೆಂದು ಬೇಸಿಗೆಯಿಂದ ಮಾತಾಡಿಕೊಳ್ಳುತ್ತಿದ್ದರು. ಈಗ ದೀಪಾವಳಿ ರಜೆ ಬಂದಿತ್ತು.

"ಪಂಕ್ಚರ್ ಸಾಮಾನು ನನ್ನ ಹತ್ರ ಐತಿ. ನೀ ಕ್ಲಚ್ ವೈರ್ ಒಂದು ಜಾಸ್ತಿ ಇಟ್ಕೋ" ಎಂದ ಜಂಬಯ್ಯ. "ಪೆಟ್ರೋಲೂ ಡಬ್ಬಿಯಾಗ ಒಯ್ಯೋಣು. ಗುಡ್ಡದ ಮ್ಯಾಲ ಯಾರು ಕೊಡ್ತಾರಲೇ?"

ಗಾದಿಲಿಂಗಪ್ಪನ ಅಕ್ಕ ಹಂಪಮ್ಮ ಚಹಾ ತಂದಿಟ್ಟಳು. ಗಂಡ ಹೋದಮೇಲೆ ತಮ್ಮನ ಮನೆಯಲ್ಲೇ ಇದ್ದು ಬಾಲವಾಡಿಯಲ್ಲಿ ಪಾಠ ಹೇಳುತ್ತಿದ್ದಳು. ಬಗ್ಗಿ ಹಾಸುಗಲ್ಲು ನೋಡಿದಳು.

"ಇಲ್ಲ್ಯಾಕ ಸುತ್ತು ಹಾಕೀರಿ? ನೆಟ್ಟಗ ಹ್ವಾದ್ರ ಹತ್ರ ಅಲ್ಲೇನು?"

"ಅಲ್ಲಿ ದಾರಿ ಕೆಟ್ಟೈತಿ ಅಕ್ಕ" ಎಂದ ಗಾದಿಲಿಂಗಪ್ಪ, ತಲೆಯೆತ್ತದೆ.

"ಕೆಟ್ಟ ದಾರೀನ ಹುಡುಕ್ಕೊಂಡು ಹೊಂಟೀರಿ, ಅದೊಂದು ಬ್ಯಾಡಾತೇನು?"

ಅವಳ ಗಂಡ ಓಬಳೇಶಪ್ಪ ಗುಡ್ಡದ ಗಣಿಯಲ್ಲಿ ಟೈಮ್ ಕೀಪರ್ ಆಗಿದ್ದ. ಮೂರು ವರ್ಷದ ಹಿಂದೆ ಕೆಲಸ ಮುಗಿಸಿ ಬರುವಾಗ ಮೋಟಾರ್ ಸೈಕಲ್ಲಿನಿಂದ ಬಿದ್ದು ಸತ್ತ. ಗಂಡಸರೆಲ್ಲ ಆ ಜಾಗ ನೋಡಿ ಬಂದಿದ್ದರು. ಅವಳನ್ನು ಯಾರೂ ಕರೆದುಕೊಂಡು ಹೋಗಿರಲಿಲ್ಲ.

"ಅವರು ಬಿದ್ದ ತಿರುವು ಅಲ್ಲೇ ಐತಿ, ಹೌದಿಲ್ಲೋ?"

"ಹೌದಕ್ಕ."

"ಹಂಗಾದ್ರ ನಾನೂ ಬರ್ತೀನಿ."

"ಅಲ್ಲೇನೈತಿ ನೋಡಾಕ? ಸುಮ್ನ ಮನಸ್ಸಿಗೆ ಬ್ಯಾಸರ" ಎಂದ ತಮ್ಮ.

"ನೀವು ನೋಡೀರಿ, ನಿಮಗ ಗೊತ್ತೈತಿ. ನನಗ ಕಣ್ಣು ಮುಚ್ಚಿದ್ರ ದಿನಕ್ಕೊಂದು ತರ ಕಾಣತೈತಿ. ಒಂದಿನ ಬಾವಿ ಇದ್ದಂಗ, ಒಂದಿನ ತಳಾನ ಕಾಣದ ಕಮರಿ. ಇವತ್ತ ಯಾವುದು ಬರತೈತೋ ಅಂತ ಮಲಗಾಕ ಅಂಜತೀನಿ."

ಜಂಬಯ್ಯ ಅಂಗೈಯಿಂದ ಸುತ್ತುದಾರಿಯನ್ನು ಒರೆಸಿ, ಹಂಚಿನ ಚೂರು ತೆಗೆದುಕೊಂಡು ನೆಟ್ಟಗೊಂದು ಗೆರೆ ಎಳೆದ. "ನಸಿಕ್ಲೇ ಹೊಂಡೋಣ್ರಿ ಅಕ್ಕ. ಬಿಸಿಲು ಏರಿದ್ರ ಕಷ್ಟ" ಎಂದ.

ಮರುದಿನ ಅವಳು ಸೆರಗು ಬಿಗಿದುಕೊಂಡು ತಮ್ಮನ ಹಿಂದೆ ಕೂತಳು. ಜಂಬಯ್ಯ ಮುಂದೆ ಹೋದ. ಗುಡ್ಡದ ಏರು ಶುರುವಾಗುತ್ತಲೇ ಚಕ್ರದ ಕೆಳಗೆ ಗರಸು ಜಾರತೊಡಗಿತು. ಜಾರಿದಾಗೆಲ್ಲ ಗಾದಿಲಿಂಗಪ್ಪನ ಭುಜದ ಮೇಲಿದ್ದ ಅವಳ ಕೈ ಬಿಗಿಯಾಗುತ್ತಿತ್ತು. ನಿಲ್ಲಿಸು ಎಂದು ಮಾತ್ರ ಅವಳು ಒಮ್ಮೆಯೂ ಅನ್ನಲಿಲ್ಲ.

ಒಂದು ಕಡೆ ಅವನೇ ನಿಲ್ಲಿಸಿದ. "ಇದ ಅಕ್ಕ."

ಹಂಪಮ್ಮ ಇಳಿದು ನೋಡಿದಳು. ಕಮರಿ ಇರಲಿಲ್ಲ. ದಾರಿ ಎಡಕ್ಕೆ ಹೊರಳುತ್ತಿತ್ತು, ಅಷ್ಟೇ. ಅಂಚಿಗೊಂದು ತಗ್ಗು, ತಗ್ಗಿನಲ್ಲಿ ನಾಲ್ಕು ಕಲ್ಲು, ಒಂದು ಕುರುಚಲು ಬಂದರಿ ಗಿಡ. ಅವಳು ತಗ್ಗಿಗೆ ಇಳಿದು ನಿಂತಳು. ಅದು ಅವಳ ಮೊಣಕಾಲಿನಷ್ಟೂ ಆಳವಿರಲಿಲ್ಲ.

"ಇಷ್ಟ ಏನು?"

"ಇಷ್ಟ. ಕಲ್ಲಿಗೆ ತಲಿ ಬಡೀತು."

ಅವಳು ಬಗ್ಗಿ ಒಂದು ಕಲ್ಲನ್ನು ಮುಟ್ಟಿ ನೋಡಿದಳು. ಅಳುತ್ತಾಳೆಂದು ತಮ್ಮ ಹತ್ತಿರ ಹೋದ. ಅವಳು ಅಳಲಿಲ್ಲ. "ಜಾರಿದ್ದು ಎಲ್ಲಿ?" ಎಂದು ಕೇಳಿದಳು. ಲಾರಿ ಚಕ್ರಗಳು ತಳ್ಳಿ ತಳ್ಳಿ ತಿರುವಿನಲ್ಲಿ ಗುಡ್ಡೆಯಾಗಿದ್ದ ಗುಂಡು ಗರಸನ್ನು ಅವನು ತೋರಿಸಿದ.

ಹಂಪಮ್ಮ ಮೇಲೆ ಹತ್ತಿ ಬಂದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಚಪ್ಪಲಿಯ ಕಾಲಿನಿಂದ ಗರಸನ್ನು ದಾರಿಯ ಅಂಚಿಗೆ ನೂಕತೊಡಗಿದಳು. ಜಂಬಯ್ಯ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಗಾಡಿಗೆ ಸ್ಟ್ಯಾಂಡ್ ಹಾಕಿ, ಆ ತುದಿಯಿಂದ ತಾನೂ ಬೂಟುಗಾಲಲ್ಲಿ ನೂಕಲು ಶುರುಮಾಡಿದ.

"ಅಕ್ಕ, ನಾಕು ಲಾರಿ ಹ್ವಾದ್ರ ಸಂಜಿಗೆ ಮತ್ತ ಹಿಂಗ ಆಗತೈತಿ" ಎಂದ ಗಾದಿಲಿಂಗಪ್ಪ.

"ಆಗ್ಲಿ" ಎಂದಳು ಹಂಪಮ್ಮ, ಕಾಲು ನಿಲ್ಲಿಸದೆ. "ಸಂಜಿತನ ಬರೋರಾದ್ರೂ ಮನಿ ಮುಟ್ಟಲಿ."