ಬಾಗಿಲ ಮೇಲಿನ ಕೆಂಪು ಕಾಗದ

“ಯಾರೂ ಸತ್ತಿಲ್ಲ,” ಎಂದ ಮ್ಯಾನೇಜರ್ ಫಾಂಗ್, ಟಿವಿಯವರ ಕ್ಯಾಮೆರಾ ನೋಡುತ್ತ.

ಗೇಟಿನಾಚೆ ನಿಂತ ಜನ ಒಟ್ಟಿಗೇ ಕೂಗಿದರು. ನಸುಕಿನಲ್ಲಿ ತಾಮ್ರದ ಗಣಿಯ ಸುರಂಗ ಕುಸಿದಾಗ ನಮ್ಮ ಹುಡುಗರು ಹನ್ನೊಂದು ಮಂದಿ ಒಳಗಿದ್ದರು. ಮಧ್ಯಾಹ್ನವಾದರೂ ಒಬ್ಬನ ಮುಖವೂ ಕಂಡಿರಲಿಲ್ಲ. ನಾಳೆ ಈ ಚೀನೀ ಕಂಪನಿ ಊರಿಗೆ ಕಟ್ಟಿಸಿಕೊಟ್ಟ ಶಾಲೆಯ ಉದ್ಘಾಟನೆ. ರಾಜಧಾನಿ ಲುಸಾಕಾದಿಂದ ಮಂತ್ರಿಗಳು ಬರುತ್ತಾರೆ. ಇಂಥ ಹೊತ್ತಿನಲ್ಲಿ ಕಂಪನಿ ಹೆಣ ತೋರಿಸೀತೇ?

“ಮಂತ್ರಿ ಹೋಗೋವರೆಗೂ ಯಾರೂ ಸಾಯಲ್ಲ ಬಿಡ್ರಪ್ಪಾ. ಸತ್ತೋರೂ ಎದ್ದು ಬಂದು ಚಪ್ಪಾಳೆ ತಟ್ಟಬೇಕು!” ಎಂದ ಬಸ್ ಡ್ರೈವರ್ ಕಪೆಂಬ್ವಾ.

ಬಾನಾ ಚಿಸೆಂಗಾ ನಗಲಿಲ್ಲ. ಚಿಸೆಂಗಾನ ತಾಯಿಯಾದ್ದರಿಂದ ಊರಿಗೆಲ್ಲ ಅವಳದು ಅದೇ ಹೆಸರು. ಇದ್ದವನು ಒಬ್ಬನೇ ಮಗ, ಅವನೀಗ ಸುರಂಗದೊಳಗೆ. ಒಂಬತ್ತು ವರ್ಷದಿಂದ ಅವಳು ಚೀನೀಯರ ಶಿಬಿರದಲ್ಲಿ ಅಡುಗೆಯವಳು. ಯಾರಿಗೂ ಹೇಳದೆ ಅಡುಗೆಮನೆಯ ಬಾಗಿಲಿನಿಂದ ಒಳಹೊಕ್ಕಳು.

ಫಾಂಗ್‌ನ ಕೋಣೆಯ ಮುಂದೆ ಥಟ್ಟನೆ ನಿಂತಳು. ಬೆಳಿಗ್ಗೆ ತಾನೇ ಇಟ್ಟಿದ್ದ ಎರಡು ಬಟ್ಟಲು ಗಂಜಿ ಹಾಗೇ ಆರಿಹೋಗಿತ್ತು. ಹೊಸವರ್ಷಕ್ಕೆ ಬಾಗಿಲಿಗೆ ಅಂಟಿಸಿದ್ದ ಕೆಂಪು ಕಾಗದಗಳನ್ನು ಕಿತ್ತು ತೆಗೆದಿದ್ದರು. ಸಾವಾದಾಗ ಚೀನೀಯರು ಬಾಗಿಲಲ್ಲಿ ಕೆಂಪು ಉಳಿಸುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಹೋದ ವರ್ಷ ನಮ್ಮವರಿಬ್ಬರು ಸತ್ತಾಗ ಆ ಕಾಗದವನ್ನು ಯಾರೂ ಮುಟ್ಟಿರಲಿಲ್ಲ. ಈ ಸಲ ತೆಗೆದಿದ್ದಾರೆ. ತನ್ನ ಕೈಯಡುಗೆ ಉಂಡ ಋಣಕ್ಕೆ ತನ್ನ ಮಗನಿಗಾಗಿ ತೆಗೆದಿದ್ದಾರೆ ಎಂದುಕೊಂಡಳು.

ತಲೆವಸ್ತ್ರ ಕಿತ್ತೆಸೆದು, ಬೊಬ್ಬಿಡುತ್ತ ಹೊರಗೋಡಿ ಬಂದಳು. ಜನಕ್ಕೆ ಅಷ್ಟು ಸಾಕಾಯಿತು. ಕಲ್ಲುಗಳು ಹಾರಿದವು. ಒಂದು ಫಾಂಗ್‌ನ ಹಣೆ ಒಡೆಯಿತು. ಅವನು ಕದಲಲಿಲ್ಲ, ರಕ್ತವನ್ನೂ ಒರೆಸಿಕೊಳ್ಳಲಿಲ್ಲ.

ಅವಳು ಅವನ ಕಾಲರ್ ಹಿಡಿದಳು. “ಹೆಣನಾದ್ರೂ ಕೊಡೋ!”

“ನಿಮ್ಮ ಮಗ ಬರ್ತಾನಮ್ಮ.”

“ಸುಳ್ಳ! ಮಗನ್ನ ಕಳ್ಕೊಳ್ಳೋದು ಅಂದ್ರೆ ಏನೂಂತ ನಿಂಗೇನೋ ಗೊತ್ತು?”

ಫಾಂಗ್ ಬಾಯಿ ತೆರೆದ. ಕ್ಯಾಮೆರಾ ಅವನತ್ತಲೇ ಇತ್ತು. ಮುಚ್ಚಿಕೊಂಡ.

ಮೂರು ಗಂಟೆಗೆ ಗಣಿಯ ಲಿಫ್ಟ್ ಮೇಲೆ ಬಂತು. ಮಣ್ಣು ಮೆತ್ತಿದ ಹುಡುಗರು ಒಬ್ಬೊಬ್ಬರಾಗಿ ಇಳಿದರು. ಜನ ಗಟ್ಟಿಯಾಗಿ ಎಣಿಸಿದರು. ಹನ್ನೊಂದನೆಯವನು ಚಿಸೆಂಗಾ. ತಾಯಿಗೆ ನಂಬಿಕೆಯೇ ಬರಲೊಲ್ಲದು. ಮುಖ, ತೋಳು, ಬೆನ್ನು ಎಲ್ಲ ಮುಟ್ಟಿ ನೋಡಿದಳು. ಕಲ್ಲೆಸೆದವರು ಕೈ ಹಿಂದೆ ಕಟ್ಟಿಕೊಂಡು ನಿಂತರು.

ಆದರೆ ಮಗ ಅಳುತ್ತಿದ್ದ. “ಒಬ್ಬ ಹೋದ ಅಮ್ಮಾ. ಸುರಂಗದ ಬಾಯಲ್ಲೇ ಇದ್ದ. ಹೆಣ ಬೆಳಿಗ್ಗೆನೇ ಸಿಕ್ತಂತೆ. ನಾಳೆ ಕಾರ್ಯಕ್ರಮ ಮುಗಿಯೋವರೆಗೂ ಯಾರೂ ಬಾಯಿ ಬಿಡಬಾರ್ದು, ಬೀಜಿಂಗಿನ ದೊಡ್ಡೋರ ಅಪ್ಪಣೆ ಅಂತ ಲಿಫ್ಟಲ್ಲೇ ಹೇಳಿದ್ರು.”

“ಹನ್ನೊಂದೂ ಜನ ಬಂದ್ರಲ್ಲೋ! ಹೋಗಿದ್ದು ಯಾರು?”

ಚಿಸೆಂಗಾ ಮ್ಯಾನೇಜರನ ಕಡೆ ನೋಡಿದ.

“ಅವರ ಮಗ.”