ಮುಚ್ಚಳದ ಸೂಜಿ

“ಮೊದಲ ನೀವು ಹಾಕಿಸ್ಕೊಂಡು ತೋರಸ್ರಿ ಸಿಸ್ಟರ್, ಅಂದ್ರ ಮುದುಕ್ಯಾರಿಗಿ ಧೈರ್ಯ ಬರ್ತದ,” ಎಂದು ಡಾಕ್ಟರ್ ಮಧುಮತಿ ತಮ್ಮ ಕೋಣೆಯೊಳಗೆ ಹೋದದ್ದೇ ತಡ, ನರ್ಸ್ ದ್ರೌಪದಿಗೆ ಬೆವರೊಡೆಯಿತು.

ಮಣ್ಣೂರಿನ ಅರ್ಧ ಊರಿಗೆ ಸೂಜಿ ಚುಚ್ಚಿದ ಕೈ ಆಕೆಯದು. ಚಳಿಗಾಲ ಬರುವ ಮೊದಲು ಫ್ಲೂ ಲಸಿಕೆ ಹಾಕಿಸಿಕೊಳ್ಳಿರೆಂದು ಮನೆ ಮನೆಗೆ ಹೋಗಿ ಹೇಳಿ ಬಂದವಳೂ ಆಕೆಯೇ. ಆದರೆ ನಾಳೆ ಬಸುರಿ ಮಗಳ ಕುಬಸ. ಲಸಿಕೆಯಿಂದ ಮೈ ಬಿಸಿಯಾಗಿ ಮಲಗಿಬಿಟ್ಟರೆ ಬೀಗರಿಗೆ ಹೋಳಿಗೆ ತಟ್ಟುವವರಾರು?

“ಬೀರಣ್ಣಾ, ಮುಚ್ಚಳ ತೆಗೀಬ್ಯಾಡೋ. ಸುಮ್ನ ಚುಚ್ಚಿದಂಗ ಮಾಡು,” ಎಂದು ಕಂಪೌಂಡರನ ಕಿವಿಯಲ್ಲಿ ಉಸುರಿದಳು.

“ಆಯ್ತಕ್ಕಾ. ನನ್ನ ಪಾಳಿ ಬಂದಾಗ ನೀವೂ ಹಂಗೇ ಮಾಡ್ರಿ ಮತ್ತ.”

ಬೀರಣ್ಣ ಮುಚ್ಚಳ ಸಮೇತ ಸೂಜಿಯನ್ನು ತೋಳಿಗೆ ಒತ್ತಿದ. ಗಾಣಗಾಪುರದ ದತ್ತನಲ್ಲಿ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡು, ದ್ರೌಪದಿ ತೋಳಿಗೆ ಹತ್ತಿ ಹಿಡಿದು ಬೆಂಚಿನ ಮೇಲೆ ಕುಳಿತ ಮುದುಕಿಯರತ್ತ ನಕ್ಕಳು. “ನೋಡ್ರಿ, ಇರವಿ ಕಡದಷ್ಟೂ ಗೊತ್ತಾಗ್ಲಿಲ್ಲ.” ಆ ಮಾತು ಮಾತ್ರ ಅಪ್ಪಟ ಸತ್ಯವಾಗಿತ್ತು.

ಸೂಜಿ ಕಂಡರೆ ಹಿತ್ತಲ ಬಾಗಿಲಿಂದ ಓಡುವ ನಿಂಬೆವ್ವ ಅಂದು ತಾನಾಗಿಯೇ ಎದ್ದು ಕುಪ್ಪಸದ ತೋಳು ಮೇಲೇರಿಸಿದಳು. “ನನಗೂ ಹಾಕು ಮಗಳ. ಆದ್ರ ಅದೇ ಮುಚ್ಚಳ ಇದ್ದದ್ದು ಹಾಕು.”

“ನಮಗೂ ಮುಚ್ಚಳದ್ದೇ ಬೇಕ್ರಿ,” ಎಂದಿತು ಇಡೀ ಬೆಂಚು.

“ಮುಚ್ಚಳ ಇದ್ರ ಔಷಧ ಒಳಗ ಹೋಗಂಗಿಲ್ಲ ಆಯಿ.”

“ಹಂಗಾರ ನಿನಗ ಹ್ಯಾಂಗ ಹೋತು?”

ದ್ರೌಪದಿ ಕೈಯಲ್ಲಿದ್ದ ಹತ್ತಿಯನ್ನು ಬುಟ್ಟಿಗೆ ಎಸೆದಳು. ಹೋದ ಚಳಿಗಾಲದಲ್ಲಿ ಇದೇ ನಿಂಬೆವ್ವ ಜ್ವರ, ಕೆಮ್ಮು ಬಂದು ಉಸಿರಿಗೆ ಒದ್ದಾಡಿದಾಗ ಎದೆ ನೀವುತ್ತ ಕುಳಿತವಳು ತಾನೇ. ಇವರು ಇಂದು ಎದ್ದು ಹೋದರೆ ಮತ್ತೆ ಈ ಕಡೆ ತಲೆ ಹಾಕುವವರಲ್ಲ. ಹೋಳಿಗೆ ಬೇಕಾದರೆ ಬೀಗತಿಯೇ ತಟ್ಟಿಕೊಳ್ಳಲಿ ಎಂದುಕೊಂಡು ಮತ್ತೆ ತೋಳು ಚಾಚಿದಳು.

“ನಾ ಆಗಳೆ ಹಾಕಿಸ್ಕೊಂಡಿದ್ದು ಸುಳ್ಳು ಆಯಿ. ಖರೇದು ಈಗ ನೋಡ್ರಿ. ಬೀರಣ್ಣಾ, ಮುಚ್ಚಳ ತೆಗಿ.”

ಸೂಜಿ ಒಳಗಿಳಿಯಿತು. ಎಷ್ಟು ತಡೆದರೂ “ಯಪ್ಪಾ ದತ್ತಾ” ಎಂಬ ಉದ್ಗಾರ ಹೊರಬಿದ್ದೇಬಿಟ್ಟಿತು.

ನಿಂಬೆವ್ವ ಹತ್ತಿರ ಬಂದು ಆಕೆಯ ಬೆನ್ನು ಸವರಿದಳು. ಆಮೇಲೆ ಬೀರಣ್ಣನ ಮುಂದೆ ತೋಳು ಚಾಚಿ ಹೇಳಿದಳು:

“ಖರೇದು ಅಕಿಗೇ ಇರ್ಲಿ ತಮ್ಮಾ. ನನಗ ಆ ಸುಳ್ಳಂದೇ ಹಾಕು.”